ಗೋದಿ, ನೀರು, ಮತ್ತೇನೂ ಇಲ್ಲ

ಆಗಷ್ಟೇ ಬೆಳಕು ಹರಿಯುತ್ತಿದೆ. ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ಎಲ್ಲರೂ ರೊಟ್ಟಿಯಮ್ಮ ಎಂದು ಕರೆಯುವ ಹಿರಿಯ ಹೆಂಗಸು ಹಿಟ್ಟಿನ ಡಬ್ಬಿಯನ್ನು ಸೊಸೆಯ ಮುಂದೆ ಹಿಡಿಯುತ್ತಾರೆ.

"ಇನ್ನೊಂದ್ಸಲ ನೋಡು."

"ಮೂರು ಸಲ ನೋಡ್ದೆ ಅತ್ತೆ. ಹೀಗೇ ಕೇಳ್ತಿದ್ರೆ ಗೋದಿಗೇ ಅನುಮಾನ ಬರುತ್ತೆ."

ಅತ್ತೆ ನಗುವುದಿಲ್ಲ. ನೀರು ಬೆರೆಸಿ, ಕಾದ ಕಬ್ಬಿಣದ ಅಚ್ಚಿಗೆ ಹಿಟ್ಟು ಸುರಿದು ಒತ್ತುತ್ತಾರೆ. ಶಿಲುಬೆಯ ಗುರುತು ಮೂಡಿದ, ಕಾಗದದಷ್ಟು ತೆಳುವಾದ ಹಾಳೆ ಏಳುತ್ತದೆ. ಅದನ್ನೇ ದುಂಡಗೆ ಕತ್ತರಿಸಿದರೆ ಪೂಜೆಯ ರೊಟ್ಟಿ. ವಾರಕ್ಕೆ ಸುಮಾರು ಸಾವಿರ ಬೇಕು. ಗಂಡ ತೀರಿಕೊಂಡ ವರ್ಷ ಹಿಡಿದ ಕೆಲಸವಿದು. ಪ್ರಸಾದ ಸ್ವೀಕರಿಸುವವರಲ್ಲಿ ಹೆಚ್ಚಿನವರಿಗೆ ಅದನ್ನು ಸುಡುವವರು ಯಾರೆಂದು ಗೊತ್ತಿಲ್ಲ.

ಧರ್ಮಸಭೆಯ ಕಟ್ಟಳೆ ಸರಳ: ಗೋದಿ ಮತ್ತು ನೀರು. ಬೇರೆ ಹಿಟ್ಟು ಬೆರೆತ ರೊಟ್ಟಿ ಪೂಜೆಯಲ್ಲಿ ಕ್ರಿಸ್ತನ ಶರೀರವಾಗುವುದಿಲ್ಲ, ಬರೀ ರೊಟ್ಟಿಯಾಗಿಯೇ ಉಳಿಯುತ್ತದೆ.

ಕಣ್ಣು ಮಂಜಾಗುತ್ತಿರುವುದನ್ನು ರೊಟ್ಟಿಯಮ್ಮ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂಬ ಅಂಜಿಕೆ. ಕಳೆದ ತಿಂಗಳು ಹಿಟ್ಟು ಸಾಲದೆ ಪಕ್ಕದ ಡಬ್ಬಿಗೆ ಕೈ ಹಾಕಿದರು. ಅರ್ಧಕ್ಕರ್ಧ ಬೆರೆತದ್ದು ಅಕ್ಕಿಹಿಟ್ಟು. ಅಕ್ಕಿಹಿಟ್ಟಿನ ಡಬ್ಬಿ ಖಾಲಿಯಾದದ್ದನ್ನು ಸೊಸೆ ಕಾಣುವ ಹೊತ್ತಿಗೆ ರೊಟ್ಟಿ ಹಂಚಿಹೋಗಿತ್ತು. ಸಾಯುತ್ತಿದ್ದ ಬಡಗಿಯೊಬ್ಬರು ಅದನ್ನೇ ಕೊನೆಯ ಪ್ರಸಾದವೆಂದು ಸ್ವೀಕರಿಸಿ ಕಣ್ಣು ಮುಚ್ಚಿದ್ದರು.

"ಅವರನ್ನ ಬರಿಗೈಲಿ ಕಳಿಸಿಬಿಟ್ಟೆ ಅನ್ನಿಸ್ತು" ಎನ್ನುತ್ತಾರೆ ರೊಟ್ಟಿಯಮ್ಮ. ಆದರೂ ಒಂದು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಚರ್ಚಿನ ಗುರುಗಳ ಬಳಿ ಹೋಗಿ ಎಲ್ಲವನ್ನೂ ಹೇಳಿದರು. ಗುರುಗಳು ತಪ್ಪನ್ನು ತೇಲಿಸಲಿಲ್ಲ. ಕಟ್ಟಳೆ ಕಟ್ಟಳೆಯೇ ಎಂದರು. ಇನ್ನು ಮುಂದೆ ಸೊಸೆ ನೋಡದೆ ಹಿಟ್ಟು ಕಲಸಬಾರದೆಂದರು. ಆಮೇಲೆ ದನಿ ತಗ್ಗಿಸಿ, "ಕಟ್ಟಳೆ ಇರೋದು ನಮ್ಮನ್ನ ಕಟ್ಟೋಕೆ. ದೇವರ ಕೈ ಕಟ್ಟೋಕಲ್ಲಮ್ಮ" ಎಂದರು.

ಅಷ್ಟಾದರೂ ಭಯ ಬಿಡಲಿಲ್ಲ. ಬಡಗಿಯ ಹೆಂಡತಿಗೆ ಹೇಳುವುದು ಬಾಕಿಯಿತ್ತು. ಮೊದಲ ಸಲ ಅವರ ಬಾಗಿಲವರೆಗೆ ಹೋಗಿ ಹಿಂದಿರುಗಿದರು. ಮರುದಿನ ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದರು. ಆಕೆ ಕದದ ಮೇಲಿಟ್ಟ ಕೈ ತೆಗೆಯಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ.

"ಅವರು ಬಾಯಿ ತೆರೆದಿದ್ದು ದೇವರಿಗೆ ಅಕ್ಕ, ನಿನ್ನ ಹಿಟ್ಟಿಗಲ್ಲ" ಎಂದು ಕದ ಮುಚ್ಚಿಕೊಂಡರು.

ಅದು ಕ್ಷಮೆಯೋ ಕೋಪವೋ ತಿಳಿಯದೆ ರೊಟ್ಟಿಯಮ್ಮ ದಿನಗಳನ್ನು ದೂಡಿದರು. ಮೊನ್ನೆ ಆ ಮನೆಯಿಂದ ಮಾತು ಬಂತು: ಬಡಗಿಯ ಆತ್ಮಶಾಂತಿಗೆ ಪೂಜೆಯಿದೆ, ರೊಟ್ಟಿಯನ್ನು ನೀನೇ ಸುಡಬೇಕು. ಆ ಪೂಜೆ ನಾಳೆ.

ಅಚ್ಚಿನಿಂದ ಇನ್ನೊಂದು ಹಾಳೆ ಏಳುತ್ತದೆ. ಅಂಚು ಒಡೆದಿಲ್ಲವೆಂದು ಸೊಸೆ ಹೇಳುತ್ತಾಳೆ.

"ಬೇರೇನೂ ಬೇಡ" ಎನ್ನುತ್ತಾರೆ ರೊಟ್ಟಿಯಮ್ಮ. "ನಾಳೆ ಆಯಮ್ಮ ಪ್ರಸಾದಕ್ಕೆ ಬಾಯಿ ತೆರೆದ್ರೆ ಸಾಕು."