ಚಿನ್ನಿ ಬಡಿಯದ ಕಣ್ಣು

ಚಿನ್ನಿದಾಂಡು ಆಡುವಾಗ ನನ್ನ ಚಿನ್ನಿ ಹಾರಿ ಹೋಗಿ ತಂಗಿಯ ಬಲಗಣ್ಣಿಗೆ ಬಡಿದದ್ದು ನನಗೆ ಚೆನ್ನಾಗಿ ನೆನಪಿದೆ. ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಕೈಯಲ್ಲಿದ್ದ ಕೊಬ್ಬರಿ ಚೂರು ಮಣ್ಣಿಗೆ ಬಿತ್ತು. ಇಷ್ಟು ವಿವರವಾಗಿ ನೆನಪಿರುವ ಈ ಘಟನೆ ನಡೆದೇ ಇರಲಿಲ್ಲ.

ನಾನು ಡೈರಿ ಬರೆಯತೊಡಗಿದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಅದಕ್ಕೂ ಮುಂಚಿನದಕ್ಕೆ ನನ್ನ ತಲೆಯೊಂದೇ ಸಾಕ್ಷಿ. ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತೋ, ಮೂರೋ. ನನಗೆ ಹತ್ತು, ತಂಗಿಗೆ ಎರಡು. ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಅಪ್ಪ ಬಟ್ಟೆಯ ಗಂಟನ್ನು ಬಸ್ಸಿನ ಮೇಲೆ ಹೇರಿಕೊಂಡು ಸಿದ್ದಾಪುರ, ಯಲ್ಲಾಪುರದ ಸಂತೆಗಳಿಗೆ ಹೋಗಿ ಮಾರುತ್ತಿದ್ದ.

ತಂಗಿಯ ಬಲಗಣ್ಣಿನ ಪಾಪೆಯೊಳಗೆ ಏನೋ ಬೆಳ್ಳಗೆ ಮಿನುಗುವುದನ್ನು ಮೊದಲು ಕಂಡವಳು ಅವ್ವ. ಊರಿನ ಡಾಕ್ಟರು ಬಹಳ ಹೊತ್ತು ನೋಡಿ, ಒಳಗೆ ಗಡ್ಡೆ ಬೆಳೆಯುತ್ತಿರಬಹುದು, ಕ್ಯಾನ್ಸರ್ ಇದ್ದರೂ ಇರಬಹುದು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಕೆಲವು ಮನೆತನಗಳಲ್ಲಿ ಇದು ಇಳಿದು ಬರುವುದುಂಟು, ನಿಮ್ಮಲ್ಲಿ ಯಾರಿಗಾದರೂ ಇತ್ತೇ ಎಂದೂ ಕೇಳಿದರು. ಅಪ್ಪ ಇಲ್ಲವೆಂದ. ಮನೆಗೆ ಬಂದ ಮೇಲೆ, ಎಳವೆಯಲ್ಲೇ ಕಣ್ಣು ಊದಿ ಸತ್ತ ತನ್ನ ಅಣ್ಣನ ಮಾತು ತೆಗೆದ.

ಅಪ್ಪನ ತಂಗಿ, ನನ್ನ ಅತ್ತೆ, ಆಗ ನಮ್ಮಲ್ಲೇ ಇದ್ದಳು. ಶಿರಸಿಯದೇ ಒಂದು ಮನೆಗೆ ಅವಳ ಲಗ್ನ ನಿಶ್ಚಯವಾಗಿತ್ತು. ಅಪ್ಪ ಕೂಡಿಟ್ಟ ಹಣವೆಲ್ಲ ಆ ಮದುವೆಗೆಂದು ಇತ್ತು. ರೋಗ ರಕ್ತದಲ್ಲಿದೆ ಎಂಬ ಸುದ್ದಿ ಹಬ್ಬಿದರೆ ಹೆಣ್ಣು ಯಾರಿಗೆ ಬೇಕು?

"ತಮ್ಮಾ, ಯಾರರ ಕೇಳಿದ್ರ ನಿನ್ನ ಚಿನ್ನಿ ಬಡೀತು ಅನ್ನು," ಎಂದ ಅಪ್ಪ. "ಹುಡುಗ್ರ ಆಟದಾಗ ಆಗೂದ ಅದು. ನಿನಗ್ಯಾರೂ ಬೈಯೂದಿಲ್ಲ."

ಬೈದರು. ನೆರೆಯವರು, ಮಾಸ್ತರರು, ಬಾವಿಗೆ ನೀರಿಗೆ ಬಂದವರು. ನಾನು ಪ್ರತಿ ಸಲವೂ ಕತೆಗೆ ಏನಾದರೂ ಸೇರಿಸುತ್ತಿದ್ದೆ. ಕೊಬ್ಬರಿ ಚೂರು ಹಾಗೆ ಬಂದದ್ದಿರಬೇಕು.

ಅಷ್ಟರಲ್ಲಿ ಊರಿನ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಹೊರಗಿನಿಂದ ದೊಡ್ಡ ಡಾಕ್ಟರು ಬಂದಿದ್ದರು. ಊರ ಡಾಕ್ಟರ ಮಾತು ಸುಳ್ಳಾದರೆ ಸಾಕು ಎಂದುಕೊಂಡು ಅಪ್ಪ ತಂಗಿಯನ್ನೂ ನನ್ನನ್ನೂ ಕರೆದೊಯ್ದ. ನೋಡಿದರೆ, ಡಾಕ್ಟರ ಪಕ್ಕದ ಮೇಜಿನಲ್ಲಿ ಚೀಟಿ ಬರೆಯಲು ಕೂತವರು ವರನ ದೊಡ್ಡಪ್ಪ. ಅಪ್ಪನ ಕೈ ನನ್ನ ಹೆಗಲ ಮೇಲೆ ಬಿಗಿಯಾಯಿತು.

"ಪೆಟ್ಟು ಬಿದ್ದಿತ್ತೇನು?" ಎಂದು ಡಾಕ್ಟರು ಕೇಳಿದರು.

ಅಪ್ಪ ನನ್ನತ್ತ ನೋಡಿದ. "ಚಿನ್ನಿ ಬಡೀತ್ರಿ," ಎಂದೆ ನಾನು.

"ಇಂವಾ ನೋಡ್ರಿ ನಮ್ಮ ಅರ್ಜುನ!" ಎಂದು ವರನ ದೊಡ್ಡಪ್ಪ ನಕ್ಕರು. "ಮೀನಿನ ಕಣ್ಣು ಸಿಗಲಿಲ್ಲಂತ ತಂಗಿ ಕಣ್ಣಿಗೆ ಗುರಿ ಇಟ್ಟಾನ."

ಸಾಲಿನಲ್ಲಿದ್ದವರೂ ನಕ್ಕರು. ತಂಗಿ ಅಳುತ್ತ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಟಾರ್ಚಿನ ಬೆಳಕು ಬಿಟ್ಟು ನೋಡಿ, ಇದು ಪೆಟ್ಟಿನಿಂದ ಕಟ್ಟಿದ ಪೊರೆ, ಅವಸರವಿಲ್ಲ, ಮಗು ಸ್ವಲ್ಪ ದೊಡ್ಡದಾಗಲಿ, ಮುಂದಿನ ವರ್ಷ ತನ್ನಿ ಎಂದರು. ಅಪ್ಪನ ಮುಖ ಸಡಿಲಾದದ್ದನ್ನು ಆಗಲೇ ಕಂಡೆನೋ, ಆಮೇಲೆ ಊಹಿಸಿಕೊಂಡೆನೋ. ನನಗಂತೂ ಖುಷಿಯಾಯಿತು. ಅದು ಮಾತ್ರ ನಿಜ. ಅದರ ನಾಚಿಕೆ ಇನ್ನೂ ಇದೆ.

ಮನೆಯಲ್ಲಿ ಅವ್ವ ಕೇಳಿದಳು, "ಡಾಕ್ಟರಿಗೂ ಚಿನ್ನಿ ಬಡೀತು ಅಂತ ಹೇಳಿದ್ರೇನು?"

"ಬೀಗರ ಮನಿ ಯಜಮಾನ್ರು ಅಲ್ಲೇ ಕುಂತಿದ್ರು. ಏನಂತ ಹೇಳ್ಲಿ?" ಎಂದ ಅಪ್ಪ. "ಪೊರಿ ಅಂದ್ರಲ್ಲ. ಪೊರೀನ ಇರಬೇಕು."

"ಬಡದಿದ್ರ ಪೊರಿ. ಯಾವಾಗ ಬಡದೈತಿ?"

ಅಪ್ಪ ಸಂತೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಆಗ ಒಳಗಿನಿಂದ ಅತ್ತೆ ಬಂದಳು. ಅಣ್ಣನೆದುರು ನಿಂತು ಮಾತಾಡಿದವಳಲ್ಲ ಅವಳು.

"ಅಣ್ಣಾ, ನನ್ನ ಲಗ್ನದ ಹೆಸರ್ಲೆ ಕೂಸಿನ ಜೀವಾ ತಗೀಬ್ಯಾಡ," ಎಂದು ತಂಗಿಯನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಅವ್ವನತ್ತ ತಿರುಗಿದಳು. "ವೈನಿ, ನಡೀರಿ. ಡಾಕ್ಟರು ಇನ್ನೂ ಹೋಗಿರೂದಿಲ್ಲ."

ಅವರ ಹಿಂದೆ ನಾನೂ ಓಡಿದೆ. ಶಾಲೆಯಲ್ಲಿ ಬೆಂಚುಗಳನ್ನು ಒಳಗಿಡುತ್ತಿದ್ದರು. ವರನ ದೊಡ್ಡಪ್ಪ ಇನ್ನೂ ಅಲ್ಲೇ ಇದ್ದರು. ಅತ್ತೆ ತಲೆಯ ಮೇಲಿನ ಸೆರಗು ಎಳೆದುಕೊಂಡು, ಅವರ ಎದುರಿಗೇ ಡಾಕ್ಟರಿಗೆ ಹೇಳಿದಳು: "ಸುಳ್ಳು ಹೇಳೇವ್ರಿ. ಏನೂ ಬಡದಿಲ್ಲ. ನಮ್ಮ ಅಣ್ಣ ಒಬ್ಬಾಂವ ಸಣ್ಣಾಂವಿದ್ದಾಗ ಕಣ್ಣು ಊದಿ ಸತ್ತಾನ್ರಿ."

ಡಾಕ್ಟರು ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವ ತನಕ ಕಾಯಿಸಿ, ಎರಡೂ ಕಣ್ಣು ನೋಡಿದರು. "ನಾಳಿನ ಬಸ್ಸಿಗೇ ಮಿರಜಿನ ದೊಡ್ಡ ದವಾಖಾನಿಗೆ ಹೊರಡ್ರಿ," ಎಂದು ಅವ್ವನಿಗೆ ಹೇಳಿದರು. "ಆ ಕಣ್ಣು ಉಳಿಯೂದಿಲ್ಲ. ಜೀವ ಉಳಸೋಣು."

ಮದುವೆಯ ಹಣ ಮಿರಜಿನಲ್ಲಿ ಮುಗಿಯಿತು. ಸಾಲದ್ದಕ್ಕೆ ಅಪ್ಪ ಅತ್ತೆಗೆಂದು ತೆಗೆದಿರಿಸಿದ್ದ ಸೀರೆಗಳನ್ನೂ ಸಂತೆಯಲ್ಲಿ ಮಾರಿದ. ವರನ ಮನೆಯವರು ಜಗಳವಾಡಲಿಲ್ಲ. ನಮ್ಮಲ್ಲಿಗೆ ಬರುವುದನ್ನೇ ಬಿಟ್ಟರು. ಅತ್ತೆ ಆ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ಮಾತಾಡಿದ್ದಳೇನೋ, ಬೇಡವಾಗಿ ನಾನು ಮರೆತಿರಲೂಬಹುದು.

ಬಲಗಣ್ಣು ತೆಗೆದರು. ರೋಗ ಎಡಗಣ್ಣಿಗೂ ಬರಬಹುದು, ವಾರಕ್ಕೊಮ್ಮೆ ಮನೆಯಲ್ಲೇ ನೋಡುತ್ತಿರಿ, ಬೆಳ್ಳಗೆ ಕಂಡರೆ ಕೂಡಲೇ ಬನ್ನಿ ಎಂದು ಹೇಳಿ ಕಳಿಸಿದ್ದರು. ಸೋಮವಾರ ಸಂಜೆ ಅವ್ವ ತಂಗಿಯನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು, ಅತ್ತೆ ಟಾರ್ಚು ಹಿಡಿಯುತ್ತಿದ್ದಳು. ಒಲೆಯ ಮೇಲೆ ಏನು ಸೀದರೂ ಯಾರೂ ಏಳುತ್ತಿರಲಿಲ್ಲ. ಅಪ್ಪ ಆ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದ. ನೋಡಿಯಾದರೂ ಅವ್ವ ತಕ್ಷಣ ಹೇಳುತ್ತಿರಲಿಲ್ಲ, ಇನ್ನೊಮ್ಮೆ ನೋಡುತ್ತಿದ್ದಳು.

"ಕಪ್ಪ ಐತಿ," ಎನ್ನುತ್ತಿದ್ದಳು ಕೊನೆಗೆ.

ಅಪ್ಪನಿಗೆ ತಿಳಿಸಲು ನಾನು ಹೊರಗೆ ಓಡುತ್ತಿದ್ದೆ. ಅವನು ನನ್ನ ಎರಡೂ ತೋಳು ಹಿಡಿದು ಮುಖ ನೋಡುತ್ತಿದ್ದ.

"ಖರೇ ಹೇಳು," ಎನ್ನುತ್ತಿದ್ದ, ಪ್ರತಿ ಸೋಮವಾರವೂ.