ಅವನ ಪಾಲಿನ ವಚನ

ಬೀದಿಯವರಿಗೆಲ್ಲ ಆಕೆ ಇಸ್ತ್ರಿ ಅಕ್ಕ. ಲಾಂಡ್ರಿಯ ಹಬೆಯಲ್ಲಿ ಹಗಲೆಲ್ಲ ನಿಂತು ನಿಂತು, ಎಚ್ಚರವಿದ್ದಾಗಲೂ ಅರ್ಧ ಕನಸಿನಲ್ಲಿ ನಡೆಯುವುದು ಆಕೆಗೆ ರೂಢಿಯಾಗಿತ್ತು. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್, ಬಾಯಿ ತೆರೆದರೆ ಅರಳು ಹುರಿದಂತೆ ಮಾತು. ಮದುವೆಯಾದ ಮರುದಿನದಿಂದ ಇಬ್ಬರಿಗೂ ಒಂದು ಪದ್ಧತಿ: ಬೆಳಿಗ್ಗೆ ಎದ್ದು ಬೈಬಲಿನ ಒಂದು ಅಧ್ಯಾಯ ಓದುವುದು. ಒಂದು ವಚನ ಅವಳದು, ಮುಂದಿನದು ಅವನದು. ಜಗಳವಾಡಿ ಮುಖ ಊದಿಸಿಕೊಂಡಿದ್ದರೂ ಸರದಿ ತಪ್ಪುವಂತಿಲ್ಲ. ಎಂಥ ಮುನಿಸೂ ಹತ್ತನೇ ವಚನ ದಾಟುತ್ತಿರಲಿಲ್ಲ. ಮುಖ ತಿರುಗಿಸಿಕೊಂಡು ದೇವರ ಮಾತನ್ನು ಎಷ್ಟು ಹೊತ್ತು ಓದಲಾದೀತು, ನೀವೇ ಹೇಳಿ! ಬರೀ ಹೆಸರುಗಳೇ ತುಂಬಿದ ವಂಶಾವಳಿ ಬಂತೆಂದರೆ ಅವನು, "ಅಬ್ಬಬ್ಬಾ, ಇಷ್ಟು ಜನದ ಬಟ್ಟೆ ಯಾರೇ ಒಗೀತಿದ್ರು?" ಎಂದು ನಗಿಸುವನು. ಆದರೂ ಒಂದು ಹೆಸರನ್ನೂ ಬಿಡುತ್ತಿರಲಿಲ್ಲ.

ಅಂಥ ಬಾಯಿಗೆ ಲಕ್ವ ಬೀಗ ಹಾಕಿತು. ಬಲಗಡೆಯ ಕೈಕಾಲೂ ಬಿದ್ದುಹೋದವು. ಆಕೆ ಓದು ಬಿಡಲಿಲ್ಲ, ತನ್ನದನ್ನೂ ಅವನದನ್ನೂ ತಾನೇ ಓದತೊಡಗಿದಳು. ಆಗ ಶುರುವಾಯಿತು ನೋಡಿ, ಆ ಬಡಿತ! ಓದು ನಡೆದಿರುವಾಗಲೇ ಎಡಗೈಯಿಂದ ಮೇಜಿಗೆ ಧಡ್ ಧಡ್ ಎಂದು ಗುದ್ದುವನು. ನೀರು ಕೊಟ್ಟರೂ ನಿಲ್ಲದು, ದಿಂಬು ಸರಿಮಾಡಿದರೂ ನಿಲ್ಲದು.

ನಾದಿನಿ ಕೆಟ್ಟವಳೇನಲ್ಲ. ಅಣ್ಣನನ್ನು ನೋಡಿ ನೋಡಿ ಅವಳೂ ಸೋತಿದ್ದಳು. "ಅತ್ತಿಗೆ, ಅಣ್ಣ ಈಗ ಆ ಮೈಯೊಳಗಿಲ್ಲ. ಜೀವಾನೇ ಇಟ್ಕೊಂಡಿದ್ದ ಪುಸ್ತಕ ಕಂಡ್ರೆ ಹಿಂಗೆ ಉರಿದುಬೀಳ್ತಾನೆ ಅಂದ್ಮೇಲೆ ಇನ್ನೇನು ಉಳಿದಿದೆ? ನೀವೂ ಎಷ್ಟೂಂತ ಜೀವ ತೇಯ್ತೀರಿ? ಆರೈಕೆ ಮನೇಲಿ ಜಾಗ ಇದೆಯಂತೆ. ನಾಳೆ ಬೆಳಿಗ್ಗೆ ಗಾಡಿ ತರ್ತೀನಿ," ಎಂದಳು.

ಆಕೆ "ಆಗಲಿ" ಅಂದುಬಿಟ್ಟಳು. ಅಂದ ಮೇಲೆ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಅವನು ಒಳಗಿದ್ದಾನೋ ಇಲ್ಲವೋ? ದೇವರನ್ನು ಆಕೆ ಕೇಳುತ್ತಿದ್ದುದು ಅದೊಂದನ್ನೇ.

ಬೆಳಗಾಯಿತು. ಅವನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿ, ಕೊನೆಯದೊಂದು ಅಧ್ಯಾಯ ಓದೋಣವೆಂದು ಕೂತಳು. ಹಣೆಬರಹ ನೋಡಿ, ಅಂದಿನ ಸರದಿಗೆ ಬಂದದ್ದು ಅದೇ ಹೆಸರುಗಳ ಪಟ್ಟಿ! ನಿದ್ದೆಗೆಟ್ಟ ಕಣ್ಣು. ಕಿಟಕಿಯಿಂದ ಹಾಲಿನಂಥ ಬೆಳಕು, ಒಲೆಯ ಮೇಲಿನ ನೀರಿನ ಹಬೆ. ಹಬೆಯೊಳಗಿಂದ ಆ ಹೆಸರಿನವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು. ಅಪ್ಪನ ಹಿಂದೆ ಮಗ, ಮಗನ ಹಿಂದೆ ಮೊಮ್ಮಗ, ಸದ್ದಿಲ್ಲದೆ ಅಡುಗೆಮನೆ ಹಾದು ಬೀದಿಗೆ ನಡೆದರು. ಆ ಮಂಪರಿನಲ್ಲಿ ಆಕೆ ಹಳೆಯ ರೂಢಿಯಂತೆ ತನ್ನ ವಚನ ಓದಿ ನಿಲ್ಲಿಸಿದಳು. ಮುಂದಿನದನ್ನು ಗಂಡ ಓದಿದ, ಅದೇ ತುಂಬು ದನಿಯಲ್ಲಿ. ಆಕೆ ತನ್ನದನ್ನು ಓದಿದಳು. ಅವನು ಅವನದನ್ನು. ಎಷ್ಟು ಹಾಯಾಗಿತ್ತು!

ತಟ್ಟನೆ ಎಚ್ಚರವಾಯಿತು. ಅರ್ಧ ಅಧ್ಯಾಯ ಮುಗಿದಿದೆ, ಮೇಜು ಒಮ್ಮೆಯೂ ಸದ್ದು ಮಾಡಿಲ್ಲ. ಗಂಡನ ಕಣ್ಣು ಪುಟದ ಮೇಲಿದೆ.

ಆಕೆ ಪುಸ್ತಕವನ್ನು ಅವನತ್ತ ಸರಿಸಿದಳು. ತನ್ನ ವಚನ ಓದಿ, ಬೇಕೆಂದೇ ಅವನದಕ್ಕೂ ಬಾಯಿ ಹಾಕಿದಳು.

ಧಡ್!

"ಅಯ್ಯೋ ನನ್ನ ದೇವರೇ! ಇದು ನಿಮ್ದಾ? ಇಷ್ಟು ದಿನ ನಿಮ್ಮ ಪಾಲಿಂದೂ ನಾನೇ ನುಂಗಿ ನೀರು ಕುಡೀತಿದ್ನಾ? ಬಾಯಿ ಬಡ್ಕಿ ಕಣ್ರೀ ನಾನು, ಮುಚ್ಕೊಂಡು ಕೂತಿದ್ರೆ ಅವತ್ತೇ ಗೊತ್ತಾಗ್ತಿತ್ತು!" ಆಕೆ ಅತ್ತಳು, ಅಳುತ್ತಲೇ ನಕ್ಕಳು. ಅವನ ಕಣ್ಣಲ್ಲೂ ನೀರು ತುಂಬಿತು. ಎಡಗೈ ಮೆಲ್ಲನೆ ಸರಿದು ಬಂದು ತನ್ನ ವಚನದ ಮೇಲೆ ಬೆರಳಿಟ್ಟಿತು. ಆಕೆ ಬಾಯಿ ಮುಚ್ಚಿ ಕಾದಳು. ಬೆರಳು ಒಂದೊಂದೇ ಹೆಸರನ್ನು ದಾಟುತ್ತಾ ಹೊರಟಿತು.

ಹೊರಗೆ ಗಾಡಿ ನಿಂತ ಸದ್ದು. ನಾದಿನಿ ಬಾಗಿಲು ತಳ್ಳಿಕೊಂಡು ಒಳಬಂದಳು. "ಅತ್ತಿಗೆ, ಎಲ್ಲ ಕಟ್ಟಿಟ್ರಾ?"

"ಶ್! ಸ್ವಲ್ಪ ಸುಮ್ನಿರೇ," ಎಂದಳು ಇಸ್ತ್ರಿ ಅಕ್ಕ. "ನಿಮ್ಮಣ್ಣ ಓದ್ತಿದ್ದಾರೆ."