ಹಸಿರು ಬಟ್ಟೆಯೊಳಗಿನ ತಂಪು ತಾಣ

ಸಾವಿತ್ರಿಬಾಯಿಯ ಬಾಯಿಂದ ಪ್ರಶ್ನೆ ಬಿಟ್ಟರೆ ಬೇರೇನೂ ಬರುವುದಿಲ್ಲ. ರಂಗಂಪೇಟೆ ಕ್ರಾಸಿನಲ್ಲಿ ನನ್ನದು ಪಂಕ್ಚರ್ ಅಂಗಡಿ, ಪಕ್ಕದ ಅರವಟಿಗೆ ಆಕೆಯದು. ನಾನು ಟ್ಯೂಬ್ ನೀರಿಗದ್ದಿ ತೂತು ಹುಡುಕುತ್ತಿರುವಾಗಲೇ ಬಂದು ನಿಲ್ಲುತ್ತಾಳೆ.

“ದೇವಿಂದ್ರ, ಹೊಲದಾಗ ಕಾಲು ಇಷ್ಟು ಸುಡಂಗಿಲ್ಲ. ಈ ರೋಡಿನ ಮ್ಯಾಲ ಯಾಕ ಸುಡ್ತದೋ?”

“ಡಾಂಬರ್ ಅದ ದೊಡ್ಡವ್ವ, ಅದಕ್ಕ.”

“ಡಾಂಬರಕ್ಕ ಯಾಕ ಅಷ್ಟು ಬಿಸಿಲು ಬೇಕು?”

ಏನು ಹೇಳಬೇಕು ಹೇಳಿ! ನನಗೆ ರೇಗಿ ಹೋಗುತ್ತದೆ. ಆದರೆ ಆಕೆ ಅತ್ತ ಹೋದ ಮೇಲೆ ನಾನೇ ಬಗ್ಗಿ ರಸ್ತೆಗೆ ಅಂಗೈ ಹಚ್ಚಿ ನೋಡುತ್ತೇನೆ.

ಅರವಟಿಗೆಗೆ ಒಂದು ಪದ್ಧತಿ ಇತ್ತು. ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಯ ದಿನ, ಬುದ್ಧವಂದನೆ ಮುಗಿದ ಮೇಲೆ, ಸಾವಿತ್ರಿಬಾಯಿಯ ಓಣಿಯವರು ಕ್ರಾಸಿನ ಬೇವಿನ ಗಿಡದ ಕೆಳಗೆ ಮಣ್ಣಿನ ಹರವಿಗಳನ್ನಿಟ್ಟು ನೀರು ತುಂಬುತ್ತಿದ್ದರು. ಮಳೆಗಾಲದವರೆಗೆ ಅವನ್ನು ನೋಡಿಕೊಳ್ಳುವುದು ಆಕೆಯ ಪಾಲು. ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರು ಟಂಟಂ ಆಟೋ ಬರುವ ತನಕ ಅಲ್ಲೇ ನೆರಳಿಗೆ ಕೂರುತ್ತಿದ್ದರು.

ಹೋದ ವರ್ಷ ಮಾರ್ಚ್ ಮೊದಲಲ್ಲೇ ಬಿಸಿಲು ಉರಿಯತೊಡಗಿತು. ಹರವಿ ಇನ್ನೂ ಇಟ್ಟಿರಲಿಲ್ಲ. ಮಧ್ಯಾಹ್ನ ಹೊಲದಿಂದ ಬಂದು ಟಂಟಂ ಇಳಿದ ಸುಂದ್ರಮ್ಮ, ಅಂದರೆ ಸಾವಿತ್ರಿಬಾಯಿಯ ತಂಗಿ, ನನ್ನ ಅಂಗಡಿ ಮುಂದೆಯೇ ತಲೆಸುತ್ತಿ ಬಿದ್ದಳು. ಬದುಕಿ ಬಂದದ್ದೇ ದೊಡ್ಡದು. ದವಾಖಾನೆಯಿಂದ ತಂಗಿಯನ್ನು ಕರೆತಂದ ದಿನ ಸಾವಿತ್ರಿಬಾಯಿ ಓಣಿಯವರನ್ನೆಲ್ಲ ಸೇರಿಸಿದಳು.

“ಬಿಸಿಲು ಕ್ಯಾಲೆಂಡರ್ ನೋಡಿ ಬರ್ತದೇನು? ಬಾಬಾಸಾಹೇಬ್ರು ಮಹಾಡದ ಕೆರಿ ನೀರು ಮುಟ್ಟಿದ್ದು ಮಾರ್ಚಿನಾಗ. ನಾವ್ಯಾಕ ಏಪ್ರಿಲ್ ತನಕ ಕಾಯಬೇಕು? ಈ ವರ್ಷ ನಾಳೆನೇ, ಬರೋ ವರ್ಷ ಬಿಸಿಲು ಹತ್ತಿದ ದಿನಾನೇ ಹರವಿ ಇಡ್ತೀನಿ. ಈ ಕ್ರಾಸಿನಾಗ ಇನ್ನೊಬ್ಬಾಕಿ ಬೀಳಬಾರದು.”

ಸುಂದ್ರಮ್ಮ ಬಿದ್ದ ಸುದ್ದಿ ಪೇಪರಿನಲ್ಲಿ ಬಂತು. ಸುದ್ದಿಯ ಬೆನ್ನಿಗೆ ನಮ್ಮ ಕ್ಷೇತ್ರದ ನಾಯಕರು ಬಂದರು. ಮೈಕ್ ಹಿಡಿದು ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿದರು, ಎಲ್ಲೋ ಹಿಮ ಕರಗುತ್ತಿದೆ ಎಂದರು, ಗಿಡ ಬೆಳೆಸಿರಿ ಎಂದರು. ಇದೇ ಜಾಗದಲ್ಲಿ ಕೂಲಿಯವರಿಗಾಗಿ ‘ತಂಪು ತಾಣ’ ಕಟ್ಟಿಸುತ್ತೇವೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು, ನಾನೂ ಹೊಡೆದೆ. ಕೆಲಸ ಶುರುವಾದ ದಿನ ಗುತ್ತಿಗೆದಾರನ ಆಳುಗಳು ಮೊದಲು ಕಡಿದದ್ದು ಬೇವಿನ ಗಿಡವನ್ನು. ಅಡ್ಡ ಬರುತ್ತಿತ್ತಂತೆ!

“ತಂಪಿಗೆ ನೆರಳು ಹ್ಯಾಂಗ ಅಡ್ಡ ಬರ್ತದ?” ಎಂದು ಸಾವಿತ್ರಿಬಾಯಿ ಅವರನ್ನು ಕೇಳಿದಳು. ಅವರು ಗರಗಸ ಎಳೆಯುತ್ತಲೇ ಇದ್ದರು.

ಸಂಕ್ರಾಂತಿಗೆ ತಾಣ ಎದ್ದು ನಿಂತಿತು. ನಾಲ್ಕೂ ಕಡೆ ಹಸಿರು ಬಟ್ಟೆ ಸುತ್ತಿ ಹಗ್ಗ ಬಿಗಿದರು. ನಾಯಕರು ಬಂದು ಉದ್ಘಾಟಿಸುವ ತನಕ ಒಳಗೆ ಯಾರೂ ಕಾಲಿಡುವಂತಿಲ್ಲ. ಒಳಗೇನಿದೆ? ಕ್ರಾಸಿನಲ್ಲಿ ಬೇರೆ ಮಾತೇ ಇಲ್ಲ. ಏಸಿ ಇದೆ ಎಂದು ಚಹಾದ ಅಲ್ಲಾಬಕ್ಷ ಆಣೆ ಹಾಕಿದ. ತಣ್ಣೀರಿನ ಮಷಿನ್ ಎಂದರು ಕೆಲವರು, ನಾಯಕರದೇ ಮೂರ್ತಿ ಎಂದರು ಇನ್ನು ಕೆಲವರು. ನಾನೂ ಒಮ್ಮೆ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆ. ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ.

ಫೆಬ್ರುವರಿಯಲ್ಲೇ ಬಿಸಿಲು ಹತ್ತಿತು. ಸಾವಿತ್ರಿಬಾಯಿ ಹೇಳಿದಂತೆ ಹರವಿ ಇಟ್ಟಳು, ಆದರೆ ನೆರಳೆಲ್ಲಿದೆ? ಮಧ್ಯಾಹ್ನದೊಳಗೆ ನೀರು ಸ್ನಾನಕ್ಕೆ ಕಾಯಿಸಿದಂತಾಗುತ್ತಿತ್ತು. ನಾಯಕರ ಹಿಂದೆ ಓಡಾಡುವ ಹಣಮೇಶನನ್ನು ದಿನಾ ಅಡ್ಡಗಟ್ಟಿ ಕೇಳುತ್ತಿದ್ದಳು. ಸಾಹೇಬರು ಅಧಿವೇಶನಕ್ಕೆ ಹೋಗಿದ್ದಾರೆ ಎಂದ. ದಿಲ್ಲಿಗೆ ಹೋಗಿದ್ದಾರೆ ಎಂದ. ಮಾರ್ಚ್ ಕೊನೆಗೆ ಅವನು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ.

“ಬಿಸಿಲು ಭಾಳ ಅದ ದೊಡ್ಡವ್ವ. ಸಾಹೇಬ್ರಿಗೆ ತಡಕೊಳ್ಳಾಕ ಆಗಂಗಿಲ್ಲ. ಮಳಿ ಬಿದ್ದ ಮ್ಯಾಲ ಉದ್ಘಾಟನಾ ಇಟ್ಕೊಂಡಾರ.”

ಸಾವಿತ್ರಿಬಾಯಿ ಮರುಪ್ರಶ್ನೆ ಹಾಕದೆ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಅಷ್ಟು ವರ್ಷದಲ್ಲಿ ಅದೇ ಮೊದಲು.

ಆ ವಾರವೇ ಸುಂದ್ರಮ್ಮ ಟಂಟಂ ಇಳಿದು, ನಾಲ್ಕು ಹೆಜ್ಜೆ ನಡೆದು, ಹಸಿರು ಬಟ್ಟೆಗೆ ಒರಗಿ ಕುಸಿದು ಕೂತಳು. “ಅಕ್ಕಾ, ಕಣ್ಣು ಕತ್ತಲಿ ಬರಾಕತ್ಯಾವ” ಎಂದಳು. ಸಾವಿತ್ರಿಬಾಯಿ ತಂಗಿಯ ತಲೆಗೆ ನೀರು ಸುರಿದಳು, ಅವಳ ಸೊಂಟದಲ್ಲಿದ್ದ ಕುಡಗೋಲು ಎಳೆದುಕೊಂಡಳು, ಹಗ್ಗಕ್ಕೆ ಹಾಕಿದಳು. ಅಯ್ಯಯ್ಯೋ ಸರಕಾರಿ ಬಟ್ಟೆ ಎಂದು ನಾನು ಓಡಿದೆ. ಓಡಿದ್ದು ತಡೆಯಲೋ ಒಳಗೇನಿದೆ ನೋಡಲೋ, ನನಗೇ ಗೊತ್ತಿಲ್ಲ.

ಬಟ್ಟೆ ಬಿತ್ತು. ಮುಖಕ್ಕೆ ಒಲೆಯ ಬಾಯಿ ತೆರೆದಂತೆ ಝಳ ಬಡಿಯಿತು. ಮೇಲೆ ತಗಡು. ಕೆಳಗೆ ಮುಟ್ಟಿದರೆ ಕೈ ಸುಡುವ ಸ್ಟೀಲ್ ಬೆಂಚು. ನಾಯಕರ ಹೆಸರು ಕೆತ್ತಿದ ಕಲ್ಲು. ಮೂಲೆಯಲ್ಲಿ ಒಂದು ನಲ್ಲಿ, ಹಿಂದೆ ಪೈಪೇ ಇಲ್ಲ. ಅಲ್ಲಾಬಕ್ಷ ಚಹಾದ ಕೆಟ್ಲಿ ಹಿಡಿದುಕೊಂಡೇ ನಿಂತಿದ್ದ. ಇದಕ್ಕಾಗಿ ಗಿಡ ಕಡಿದರಲ್ಲ!

ಸಾವಿತ್ರಿಬಾಯಿ ಮಾತ್ರ ಒಳಗೆ ನೋಡುತ್ತಿರಲಿಲ್ಲ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿ ನೋಡುತ್ತಿದ್ದಳು.

“ದೇವಿಂದ್ರ, ಭಾಳ ದಪ್ಪ ಅದಲ್ಲೋ? ನಿನ್ನ ಅಂಗಡಿ ಸೂರಿಗೆ ಒಂದು ತುದಿ ಕಟ್ಟಿದ್ರ ಎಲ್ಲಿ ತನಕ ಬರ್ತದ?”

ಕಟ್ಟಿದೆವು. ಹರವಿಗಳ ಮೇಲೂ ಹೆಂಗಸರ ಮೇಲೂ ನೆರಳು ಬಂತು, ಅಲ್ಲೇ ಮಲಗಿದ ಸುಂದ್ರಮ್ಮ ಸಂಜೆಗೆ ಚೇತರಿಸಿಕೊಂಡಳು. ಹಣಮೇಶ ಬಂದು ಕೇಸ್ ಹಾಕಿಸುತ್ತೇನೆ ಎಂದು ಕೂಗಾಡಿದ. ಕೂಗಿ ಗಂಟಲಾರಿ ಎರಡು ಲೋಟ ನೀರು ಕುಡಿದು ಹೋದ. ಆಮೇಲೆ ಆ ಬೇಸಿಗೆ ಮುಗಿಯುವ ತನಕ ಕ್ರಾಸಿನಲ್ಲಿ ಯಾರೂ ಬೀಳಲಿಲ್ಲ.

ಜೂನ್‌ನಲ್ಲಿ ಮೋಡ ಕವಿದ ದಿನ ನಾಯಕರು ಬಂದರು. ಅವರ ತಲೆಗೆ ಒಬ್ಬ ಕೊಡೆ ಹಿಡಿದಿದ್ದ. ಸುತ್ತ ನೋಡಿ, “ಉದ್ಘಾಟನೆಗೆ ಪರದೆ ಎಲ್ಲಿ?” ಎಂದರು. ಹಣಮೇಶ ಮೇಲೆ ಬೆರಳು ತೋರಿಸಿದ. ಬಿಸಿಲಿಗೆ ಬಟ್ಟೆಯ ಹಸಿರೆಲ್ಲ ಹೋಗಿ ಬಿಳುಚಿತ್ತು. ಅದರ ಕೆಳಗೆ ಸುಂದ್ರಮ್ಮ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು.

ಸಾವಿತ್ರಿಬಾಯಿ ಲೋಟದಲ್ಲಿ ನೀರು ತಂದು ಅವರ ಕೈಗೆ ಕೊಟ್ಟಳು.

“ಸಾಹೇಬ್ರ, ಬಿಸಿಲು ಭಾಳ ಅದಂತ ನೀವು ಮಳಿ ತನಕ ಮನ್ಯಾಗ ಕಾದ್ರಿ. ನಾವು ಎಲ್ಲಿ ಕಾಯಬೇಕಿತ್ರಿ?”